ಇಸ್ಕೊಂಡವನು 'ಈ'ರಭದ್ರ

ಸ್ಪೋಕನ್ ಇಂಗ್ಲಿಷ್ ಗೈಡುಗಳಲ್ಲಿ ಒಂದು ಸೂತ್ರ ಸಿಗುತ್ತೆ. ಪದದ ಕೊನೆಗೆ 'ಅರ್' ಬಂದರೆ ಮಾಡುವವನು, 'ಈ' ಬಂದರೆ ಮಾಡಿಸಿಕೊಳ್ಳುವವನು. ಟ್ರೈನರ್-ಟ್ರೈನೀ, ಎಂಪ್ಲಾಯರ್-ಎಂಪ್ಲಾಯೀ. ಇಂಟರ್‌ವ್ಯೂ ಮುಗಿಸಿ ಕೆಲಸಕ್ಕೆ ಸೇರೋಕೆ ಇಷ್ಟು ಸಾಕು. ನನ್ನ ತಕರಾರು ಆಮೇಲಿನದು. ಸಹಿ ಹಾಕುವ ಹೊತ್ತಿಗೆ ಈ ಸೂತ್ರ ಕೈಕೊಡುತ್ತೆ.

ಈ ಬಾಲ ಇಂಗ್ಲಿಷಿನದೇ ಅಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟು-ಕಚೇರಿಗೆ ಫ್ರೆಂಚ್ ಹೊಕ್ಕಿತು. ಆ ಫ್ರೆಂಚಿನ ಭೂತ ಕೃದಂತದ ಪ್ರತ್ಯಯವೇ ವಕೀಲರ ಬಾಯಲ್ಲಿ 'ಈ' ಆಯಿತು. ಗ್ರ್ಯಾಂಟೀ, ಲೆಸ್ಸೀ ಎಲ್ಲ ಹಾಗೆ ಹುಟ್ಟಿದವು. ಅಂದರೆ ಇದು ಮೂಲದಲ್ಲಿ ಪತ್ರ ಬರೆಯುವವರ ಬಾಲ, ಯಾರಿಂದ ಯಾರಿಗೆ ಏನು ಹೋಯಿತು ಅಂತ ಗುರುತಿಸುವ ಬಾಲ.

ಮಾರ್ಟ್‌ಗೇಜೀ ಅಂದರೆ ಯಾರು? ಗೈಡಿನ ಸೂತ್ರ ಹಿಡಿದು ಹೋದರೆ ಸಾಲ ಪಡೆದ ಬಡಪಾಯಿ ಅನ್ನಿಸುತ್ತೆ. ಅಲ್ಲ, ಅದು ಬ್ಯಾಂಕು! ಜಮೀನನ್ನು ಅಡ ಇಟ್ಟ ರೈತ ಮಾರ್ಟ್‌ಗೇಜರ್, ಅಡ ಇಟ್ಟುಕೊಂಡ ಬ್ಯಾಂಕು ಮಾರ್ಟ್‌ಗೇಜೀ. ದುಡ್ಡು ಯಾರಿಗೆ ಬಂತು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ, ಅಡಮಾನದ ಹಕ್ಕು ಯಾರ ಕೈಗೆ ಹೋಯಿತು ಅನ್ನೋದೇ ಲೆಕ್ಕ. ಲೀಸಿಗೆ ಮನೆ ಹಿಡಿದವರಿಗೂ ಇದೇ ಪಾಠ. ಲಕ್ಷಗಟ್ಟಲೆ ಎಣಿಸಿ ಕೊಟ್ಟವರು ನೀವೇ ಆದರೂ ಅಗ್ರಿಮೆಂಟಿನಲ್ಲಿ ನೀವು ಲೆಸ್ಸೀ. ಯಾಕಂದ್ರೆ ಅಲ್ಲಿ ಕೊಟ್ಟದ್ದು ಅಂತ ಎಣಿಕೆಯಾಗೋದು ಮನೆ, ದುಡ್ಡಲ್ಲ.

ನಮ್ಮೂರಿನವರಿಗೆ ಇದನ್ನು ಹೇಳೋಕೆ ಫ್ರೆಂಚ್ ಬೇಕಿಲ್ಲ. 'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಅನ್ನೋ ಗಾದೆಯಲ್ಲೇ ಎಲ್ಲ ಇದೆ. ಹಾಗಂತ ಕನ್ನಡ ಎಲ್ಲ ಕಡೆ ಸ್ಪಷ್ಟ ಅಂತೇನೂ ಇಲ್ಲ. 'ಅವನು ಸಾಲಗಾರ' ಅಂದರೆ ಸಾಲ ಮಾಡಿದವನು. 'ಸಾಲಗಾರರ ಕಾಟ' ಅಂದರೆ ಸಾಲ ಕೊಟ್ಟವರ ಕಾಟ. ನಮ್ಮ 'ಗಾರ'ನೂ ಎರಡು ದೋಣಿಯಲ್ಲಿ ಕಾಲಿಟ್ಟವನೇ.

ಎಲ್ಲಕ್ಕಿಂತ ದುಬಾರಿ ಬಾಲ ನಾಮಿನೀಯದು. ಹೆಸರಿಸಲ್ಪಟ್ಟವನು, ಅಷ್ಟೇ ಅದರ ಅರ್ಥ. ನಾವು ಮಾತ್ರ ಅದನ್ನು 'ನನ್ನ ನಂತರ ಎಲ್ಲ ಇವರದ್ದೇ' ಅಂತ ಓದ್ಕೋತೀವಿ. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಸ್ಪಷ್ಟವಾಗಿ ಹೇಳಿತು: ನಾಮಿನೀ ಆದ ಮಾತ್ರಕ್ಕೆ ಒಡೆತನ ಬರೋದಿಲ್ಲ, ವಾರಸುದಾರರ ಹಕ್ಕು ಹಾಗೇ ಉಳಿಯುತ್ತೆ. ಜೀವವಿಮೆಯಲ್ಲಿ 2015ರ ತಿದ್ದುಪಡಿಯಾದ ಮೇಲೆ ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನೀ ಆಗಿದ್ದರೆ ಕತೆ ಬೇರೆ, ಹಣದ ಹಕ್ಕು ಅವರದು ಅನ್ನುತ್ತೆ ಆ ತಿದ್ದುಪಡಿ. ಆಫೀಸಿಗೆ ಸೇರಿದ ದಿನ ಫಾರಂನಲ್ಲಿ ಅಮ್ಮನ ಹೆಸರು ಬರೆದು, ಮದುವೆಯಾದ ಮೇಲೂ ಅದನ್ನು ತೆರೆದು ನೋಡದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ.

ಉಳಿದ ಬಾಲಗಳದ್ದು ಬರೀ ತಮಾಷೆ. ಎಸ್ಕೇಪೀಯನ್ನು ಯಾರೂ ಓಡಿಸಿಲ್ಲ, ಅವನೇ ಓಡಿದ್ದು. ಸಿಟಿ ಬಸ್ಸಿನ ಸ್ಟ್ಯಾಂಡೀಯೂ ತಾನೇ ನಿಂತವನು, ಬೇಕಿದ್ದರೆ ಸೀಟು ಸಿಗದ್ದಕ್ಕೆ ನಿಲ್ಲಿಸಲ್ಪಟ್ಟವನು ಅಂತಲೂ ವಾದ ಮಾಡಬಹುದು ಬಿಡಿ. ಕಾರ್ಪೊರೇಟಿನ ಮುದ್ದಿನ 'ಮೆಂಟೀ' ಇನ್ನೂ ಮಜಾ. ಮೆಂಟರ್ ಅನ್ನೋದು ಗ್ರೀಕ್ ಕಾವ್ಯ 'ಒಡಿಸ್ಸಿ'ಯ ಒಬ್ಬ ಮನುಷ್ಯನ ಹೆಸರು. 'ಮೆಂಟ್' ಅನ್ನೋ ಕ್ರಿಯಾಪದವೇ ಇಂಗ್ಲಿಷಿನಲ್ಲಿಲ್ಲ. ಹೆಸರಿನ ಬಾಲ ಕತ್ತರಿಸಿ ಇನ್ನೊಂದು ಬಾಲ ಅಂಟಿಸಿದ್ದಾರೆ!

ಭಾಷೆ ಹೀಗೆ ಬೇಕಾದಂಗೆ ಬೆಳೆಯಲಿ, ಅದಕ್ಕೆ ನನ್ನ ಆಕ್ಷೇಪ ಇಲ್ಲ. ಆಕ್ಷೇಪ ಇರೋದು ಮನೆ, ಜಮೀನು, ಜೀವಮಾನದ ಉಳಿತಾಯವನ್ನು ಎರಡಕ್ಷರದ ಬಾಲಕ್ಕೆ ಕಟ್ಟಿ ಬಿಡುವ ಪತ್ರಗಳ ಬಗ್ಗೆ. 'ಅಡ ಇಟ್ಟವರು', 'ಅಡ ಇಟ್ಟುಕೊಂಡವರು' ಅಂತ ಬರೆದರೆ ಶಾಲೆ ಮೆಟ್ಟಿಲು ಹತ್ತದ ನನ್ನಜ್ಜಿಗೂ ತಿಳಿಯುತ್ತಿತ್ತು. ನಮ್ಮ 'ಕೊಳ್ಳು' ಆ ಕೆಲಸವನ್ನು ಚೆಂದಾಗಿ ಮಾಡುತ್ತೆ. ಅಂಥ ಪತ್ರಗಳು ಬರುವವರೆಗೆ, ಸಹಿ ಹಾಕೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇಲ್ಲಿ ಕೈ ಬದಲಾಗ್ತಿರೋದು ಏನು? ಅದನ್ನು ಇಸ್ಕೊಳ್ಳೋನೇ 'ಈ'.