ಕೋಲಾಟ ನೋಡುವ ಬಗೆ

ಕೋಲಾಟವನ್ನು ಮೊದಲ ಸಲ ನೋಡುವವರ ಕಣ್ಣು ಕೋಲಿನ ಮೇಲೆಯೇ ನೆಟ್ಟಿರುತ್ತದೆ. ಕೋಲನ್ನು ಕಿವಿಗೆ ಬಿಡಿ, ಕಣ್ಣನ್ನು ಕಾಲಿಗೆ ಇಳಿಸಿ. ಆಂಧ್ರದ ಗಡಿಯಲ್ಲಿರುವ ನೇಮಕಲ್ಲಿನಲ್ಲಾಗಲಿ, ರಾಯದುರ್ಗ, ಮಡಕಶಿರಾ ಸೀಮೆಯ ಯಾವ ಊರಿನಲ್ಲೇ ಆಗಲಿ, ಆಟದ ಜೀವ ಇರುವುದು ಹೆಜ್ಜೆಯಲ್ಲಿ.

ಆಡುವವರು ಸರಿಸಂಖ್ಯೆಯಲ್ಲಿ ಸುತ್ತುಕಟ್ಟಿ, ಎದುರುಬದುರಾಗಿ ಜೊತೆ ನಿಲ್ಲುತ್ತಾರೆ. ತಾಳ ಹಿಡಿದವರು ಪದ ಎತ್ತಿಕೊಡುತ್ತಾರೆ, ಉಳಿದವರು ತಿರುಗಿ ಹಾಡುತ್ತಾರೆ. ತನ್ನ ಕೋಲಿಗೆ ತನ್ನದೇ ಕೋಲಿನ ಒಂದು ಪೆಟ್ಟು, ಎದುರಿನವರ ಕೋಲಿಗೆ ಇನ್ನೊಂದು. ಅಷ್ಟರಲ್ಲಿ ಒಬ್ಬರು ಸುತ್ತಿನ ಒಳಕ್ಕೆ ಸರಿದರೆ ಇನ್ನೊಬ್ಬರು ಹೊರಕ್ಕೆ. ಮುಂದಿನ ಪೆಟ್ಟಿಗೆ ಎದುರಲ್ಲಿ ಬೇರೆ ಮುಖ! ಅರ್ಧ ಜನ ಬಲಕ್ಕೆ, ಅರ್ಧ ಜನ ಎಡಕ್ಕೆ ಸಾಗುತ್ತ ಹೋದಂತೆ ಹಳೆಯ ಜೊತೆ ಮತ್ತೆ ಸಿಗುತ್ತದೆ. ಒಬ್ಬರನ್ನೇ ಆರಿಸಿಕೊಂಡು ಒಂದು ಸುತ್ತು ಪೂರ್ತಿ ಹಿಂಬಾಲಿಸಿ. ಆಟದ ಕಟ್ಟು ಆಗ ಗೊತ್ತಾಗುತ್ತದೆ.

ನುರಿತವರು ಕೋಲನ್ನು ಜೋರಾಗಿ ಬಡಿಯುವುದಿಲ್ಲ. ಮಣಿಕಟ್ಟು ಸಡಿಲ, ಮಂಡಿ ತುಸು ಬಾಗು, ಮೈಯಲ್ಲಿ ತೂಗು. ಪೆಟ್ಟು ಬೀಳುವ ಮೊದಲೇ ಕಾಲು ಮುಂದಿನ ಜಾಗಕ್ಕೆ ಹೊರಟಿರುತ್ತದೆ. ತಾಳ ಚುರುಕಾದಾಗಲೂ ಆ ತೂಗು ಉಳಿದರೆ ಅದು ಒಳ್ಳೆಯ ಮೇಳ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರು 1920ರ ದಶಕದ ಕೊನೆಗೆ ಕಟ್ಟಿ ಬೆಳೆಸಿದ ಲಿಂಡಿ ಹಾಪ್ ಕುಣಿತದಲ್ಲೂ ಮಂಡಿ ಹೀಗೆಯೇ ಮೆತ್ತಗೆ ಬಾಗುತ್ತದೆ. ಆದರೆ ಅಲ್ಲಿ ಜೊತೆಯ ಇಬ್ಬರೇ ದೂರ ಸರಿದು ಎಂಟೆಣಿಕೆಯೊಳಗೆ ಮತ್ತೆ ಕೂಡುತ್ತಾರೆ. ಕೋಲಾಟದಲ್ಲಿ ಎದುರಿಗೆ ಬರುವವರೆಲ್ಲರೂ ಜೊತೆ. ನನಗೆ ಕೋಲಾಟದ ದೊಡ್ಡತನ ಕಾಣುವುದೇ ಇದರಲ್ಲಿ.

ಹಂಪೆಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಸರಿದ್ದಾರೆ. ಅಲ್ಲಿಗೆ ಹೋದರೆ ಅವರ ಮಂಡಿಯನ್ನೂ ನೋಡಿ ಬನ್ನಿ. ಇನ್ನು ಪದದ ಮಾತು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಸೇರಿತು. ಈ ಗಡಿಸೀಮೆಯ ಕೋಲಾಟದಲ್ಲಿ ಕನ್ನಡ ಪದವೂ ಬರುತ್ತದೆ, ತೆಲುಗು ಪದವೂ ಬರುತ್ತದೆ. ಪದದ ಎಳೆತ ಬದಲಾದಾಗ ಹೆಜ್ಜೆಯ ತೂಗು ಏನಾಗುತ್ತದೆಂದು ಗಮನಿಸಿ.

ಜಡೆ ಕೋಲಾಟವನ್ನು ಕಡೆಗೆ ನೋಡಿ. ಮೇಲೆ ಕಟ್ಟಿ ಇಳಿಬಿಟ್ಟ ಬಣ್ಣದ ಹಗ್ಗಗಳ ತುದಿಯನ್ನು ಒಬ್ಬೊಬ್ಬರೂ ಹಿಡಿದು, ಒಳಗೆ ಹೊರಗೆ ನುಸುಳುತ್ತ ಆಡಿದಂತೆ ಜಡೆ ಹೆಣೆದುಕೊಳ್ಳುತ್ತದೆ. ನೆಲದ ಮೇಲೆ ಇಟ್ಟ ಹೆಜ್ಜೆಯೆಲ್ಲ ತಲೆಯ ಮೇಲೆ ಕಾಣುತ್ತದೆ. ಜಡೆ ಮುಗಿದ ಕೂಡಲೇ ಎದ್ದುಹೋಗಬೇಡಿ. ಕಷ್ಟವಿರುವುದು ಬಿಚ್ಚುವುದರಲ್ಲಿ: ಹೆಣೆದ ಹಾದಿಯನ್ನೇ ಹಿಮ್ಮುಖವಾಗಿ ತುಳಿಯಬೇಕು, ಪದ ನಿಲ್ಲಬಾರದು, ಒಳಗೆ ಹೋಗಬೇಕಾದವರು ಹೊರಗೆ ಹೋದರೆ ಗಂಟು ಬಿತ್ತು. ಹಾಗೇನಾದರೂ ಬಿದ್ದರೆ ತಾಳದವರ ಮುಖ ನೋಡಿ, ಯಾರ ಹೆಜ್ಜೆ ತಪ್ಪಿತೆಂದು ಅವರಿಗೆ ಆಗಲೇ ಗೊತ್ತಾಗಿರುತ್ತದೆ.