ಯಾವ ಪುತ್ತಿಗೆ ಎಂದು ಕೇಳದ ಟೂಲು

ಮೂಡುಬಿದಿರೆಯವರಿಗೆ ಪುತ್ತಿಗೆ ಎಂದರೆ ಚೌಟ ಅರಸರ ಹಳೆಯ ನೆಲೆ, ಸೋಮನಾಥೇಶ್ವರ ದೇವಸ್ಥಾನ, ಆಳ್ವಾಸ್ ವಿರಾಸತ್ ಉತ್ಸವ ನಡೆದ ಪದವು. ಉಡುಪಿಯವರಿಗೆ ಅದು ಅಷ್ಟಮಠಗಳಲ್ಲಿ ಒಂದು. ಮೂಲಮಠ ಇರುವುದು ಹಿರಿಯಡ್ಕದ ಹತ್ತಿರ, ಸ್ವರ್ಣಾ ನದಿಯ ದಡದಲ್ಲಿ. ಕುಂಬಳೆ ಕಡೆಯವರಿಗೆ ಕಾಸರಗೋಡು ಜಿಲ್ಲೆಯ ಗ್ರಾಮ ಪಂಚಾಯತು. ಬಸ್ಸಿನಲ್ಲಿ ‘ಒಂದು ಪುತ್ತಿಗೆ’ ಎಂದರೆ ಸಾಕು, ಬಸ್ಸು ಯಾವ ರೂಟಿನದೆಂದು ಕಂಡಕ್ಟರಿಗೆ ಗೊತ್ತಿರುತ್ತದೆ. ನಮ್ಮ ಪರವಾಗಿ ಕಂಪ್ಯೂಟರಿನಲ್ಲಿ ಕೆಲಸ ಮಾಡುವ ಎಐ ಏಜೆಂಟಿಗೆ ಆ ರೂಟು ಗೊತ್ತಿಲ್ಲ. ಅದರ ಕೈಗೆ ಸಿಗುವುದು ಟೂಲಿನ ಹೆಸರು, ನಾಲ್ಕು ಸಾಲಿನ ವಿವರಣೆ, ತುಂಬಬೇಕಾದ ಕೆಲವು ಖಾನೆಗಳು.

ಆ ನಾಲ್ಕು ಸಾಲುಗಳನ್ನೂ ಒಂದು ಬರವಣಿಗೆಯೆಂದೇ ಓದಿ ತೂಗಬೇಕು. ಆಂಥ್ರೋಪಿಕ್ ಎಂಬ ಎಐ ಕಂಪನಿ 2024ರ ನವೆಂಬರಿನಲ್ಲಿ, ಏಜೆಂಟಿಗೆ ಇಂಥ ಟೂಲುಗಳನ್ನು ಜೋಡಿಸುವ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲನ್ನು ಹೊರತಂದಾಗ, ಟೂಲುಗಳನ್ನು ಒದಗಿಸುವ ಕೆಲವು ಸರ್ವರುಗಳನ್ನೂ ಮಾದರಿಗೆಂದು ಕೊಟ್ಟಿತು. ಅವುಗಳಲ್ಲೊಂದು ಫೈಲುಗಳನ್ನು ಓದಿ, ಬರೆದು, ಹುಡುಕುವ ಫೈಲ್‌ಸಿಸ್ಟಮ್ ಸರ್ವರು. ಮಾದರಿ ಎಂದೇ ಕೊಟ್ಟದ್ದನ್ನು ಸ್ವಲ್ಪ ಕಟ್ಟುನಿಟ್ಟಾಗಿ ನೋಡಿದರೆ ತಪ್ಪಿಲ್ಲ.

ಅದರಲ್ಲಿ ಒಳ್ಳೆಯದೂ ಇದೆ. ‘ರೈಟ್ ಫೈಲ್’ ಟೂಲು, ಹಳೆಯ ಫೈಲಿದ್ದರೆ ಹೇಳದೆ ಕೇಳದೆ ಅದರ ಮೇಲೇ ಬರೆದುಬಿಡುತ್ತೇನೆ ಎಂದು ತನ್ನ ವಿವರಣೆಯಲ್ಲೇ ಒಪ್ಪಿಕೊಳ್ಳುತ್ತದೆ. ‘ಮೂವ್ ಫೈಲ್’, ಹೋಗುವ ಜಾಗದಲ್ಲಿ ಅದೇ ಹೆಸರಿನದು ಇದ್ದರೆ ಕೆಲಸ ಆಗುವುದಿಲ್ಲ ಎನ್ನುತ್ತದೆ. ಆದರೆ ಮೊದಲನೆಯದು ‘ಎಚ್ಚರದಿಂದ ಬಳಸಿ’ ಎಂಬರ್ಥದ ಮಾತು ಸೇರಿಸಿ ಅಲ್ಲಿಗೇ ನಿಲ್ಲುತ್ತದೆ. ಏಜೆಂಟು ಎಚ್ಚರದಿಂದ ಇರುವುದೆಂದರೆ ಏನು ಮಾಡುವುದು? ಇದೇ ಸರ್ವರಿನಲ್ಲಿ ‘ಎಡಿಟ್ ಫೈಲ್’ ಎಂಬ ಇನ್ನೊಂದು ಟೂಲಿದೆ, ಬದಲಾವಣೆಯನ್ನು ಉಳಿಸುವ ಮೊದಲು ತೋರಿಸುವ ಅನುಕೂಲವೂ ಅದಕ್ಕಿದೆ. ಇರುವ ಫೈಲಿನ ಒಂದೆರಡು ಸಾಲು ತಿದ್ದುವುದಾದರೆ ಅಲ್ಲಿಗೆ ಹೋಗು ಎಂದು ಹೇಳಬೇಕಾದ ಜಾಗ ಇದೇ ಆಗಿತ್ತು. ಹೇಳಿಲ್ಲ. ಈ ಮೂರೂ ಟೂಲುಗಳು ತಮ್ಮ ತಮ್ಮ ಬಗ್ಗೆ ಮಾತ್ರ ಮಾತಾಡುತ್ತವೆ, ಪಕ್ಕದ ಟೂಲಿನ ಸುದ್ದಿಯೇ ಇಲ್ಲ.

ನನ್ನ ದೊಡ್ಡ ತಕರಾರು ‘ಸರ್ಚ್ ಫೈಲ್ಸ್’ ಬಗ್ಗೆ. ಅದು ಹುಡುಕುವುದು ಫೈಲುಗಳ ಹೆಸರಿನಲ್ಲಿ, ಒಳಗಿನ ಬರಹದಲ್ಲಿ ಅಲ್ಲ. ಎಲ್ಲಿದೆಯೆಂದು ಗೊತ್ತಿಲ್ಲದ ಫೈಲು ಹುಡುಕಲು ಬಹಳ ಒಳ್ಳೆಯದು ಎಂಬ ಹೊಗಳಿಕೆಗೆ ವಿವರಣೆಯಲ್ಲಿ ಜಾಗವಿದೆ, ‘ಒಳಗಿನ ಬರಹವನ್ನು ನಾನು ನೋಡುವುದಿಲ್ಲ’ ಎಂಬ ಒಂದು ಸಾಲಿಗೆ ಇಲ್ಲ. ಪುತ್ತಿಗೆಯ ಜಾಗದ ಬಗ್ಗೆ ಬರೆದ ಪತ್ರ ಹುಡುಕು ಎಂದರೆ ಏಜೆಂಟು ಇದನ್ನೇ ಓಡಿಸಿ, ಏನೂ ಸಿಗದೆ, ‘ಅಂಥ ಪತ್ರವಿಲ್ಲ’ ಎಂದು ಧೈರ್ಯವಾಗಿ ಹೇಳಬಹುದು. ಪತ್ರ ಅಲ್ಲೇ ಇರುತ್ತದೆ, ಬೇರೇನೋ ಹೆಸರಿನಲ್ಲಿ. ಹೊಗಳಿಕೆ ಕೊಳ್ಳುವವರಿಗೆ ಬೇಕು. ಏಜೆಂಟಿಗೆ ಬೇಕಾದದ್ದು ಟೂಲು ಏನು ಮಾಡುವುದಿಲ್ಲ ಎಂಬುದು.

ಇಂಥ ವಿವರಣೆಯ ಟೂಲು ನಮ್ಮ ಕಂದಾಯ ದಾಖಲೆಗೆ ಬಂದರೆ ಏನಾದೀತು? ಭೂಮಿ ತಂತ್ರಾಂಶದ ಪುಟದಲ್ಲಿ ಆರ್‌ಟಿಸಿ ನೋಡಬೇಕಾದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ ಎಂದು ಒಂದೊಂದಾಗಿ ಪಟ್ಟಿಯಿಂದ ಆರಿಸಬೇಕು. ಬೇಸರದ ಕೆಲಸ, ನಿಜ. ಆದರೆ ದಕ್ಷಿಣ ಕನ್ನಡ, ಮೂಡುಬಿದಿರೆ ಎಂದು ಆರಿಸಿದವರ ಮುಂದೆ ಇನ್ನೊಂದು ಜಿಲ್ಲೆಯ ಪುತ್ತಿಗೆ ಬರುವುದಿಲ್ಲ. ಕೇರಳದ ಕಾಸರಗೋಡಿನದಂತೂ ಆ ಪಟ್ಟಿಯಲ್ಲೇ ಇರುವುದಿಲ್ಲ. ಆಮೇಲೆ ಸರ್ವೆ ನಂಬರು, ಸರ್ನೋಕ್, ಹಿಸ್ಸಾ. ಸರ್ನೋಕ್ ಖಾನೆಯಲ್ಲಿ ಹೆಚ್ಚಾಗಿ ಕಾಣುವುದು ಬರೀ ನಕ್ಷತ್ರದ ಗುರುತು. ಸೇವಾಕೇಂದ್ರದಲ್ಲಿ ಕೂತವರು ಅದನ್ನು ಯೋಚಿಸದೆ ಒತ್ತುತ್ತಾರೆ. ನಾಳೆ ಯಾರೋ ಈ ಪುಟವನ್ನೇ ಏಜೆಂಟಿನ ಟೂಲಾಗಿ ಮಾಡಿ ‘ಗ್ರಾಮದ ಹೆಸರು’ ಎಂಬ ಒಂದು ಖಾಲಿ ಖಾನೆ ಇಟ್ಟು, ‘ಜಮೀನಿನ ವಿವರ ಕೊಡುತ್ತದೆ’ ಎಂದು ಬರೆದರೆ ಆ ಪಟ್ಟಿ ಕೊಟ್ಟಿದ್ದ ಕಾವಲು ಅಷ್ಟೂ ಹೋಯಿತು. ಮೂಡುಬಿದಿರೆ ಮೊದಲು ಮಂಗಳೂರು ತಾಲೂಕಿನಲ್ಲಿತ್ತು ಎಂಬ ತೊಡಕು ಬೇರೆ. ಹಳೆಯ ಕಾಗದ ಓದಿದ ಏಜೆಂಟು ಮಂಗಳೂರು ಎಂದೇ ತುಂಬೀತು.

ಈ ತೊಡಕುಗಳನ್ನು ವಿವರಣೆಯಲ್ಲಿ ಇನ್ನೂ ಹತ್ತು ಸಾಲು ಬರೆದು ಸರಿಮಾಡಬಹುದೆಂಬ ನಂಬಿಕೆ ನನಗಿಲ್ಲ. 2024ರ ಡಿಸೆಂಬರಿನಲ್ಲಿ ಆಂಥ್ರೋಪಿಕ್‌ನವರೇ ತಮ್ಮ ಕೋಡಿಂಗ್ ಏಜೆಂಟಿನ ಅನುಭವ ಬರೆದಿದ್ದರು. ಮೂಲ ಫೋಲ್ಡರಿನಿಂದ ಆಚೆ ಹೋದ ಮೇಲೆ ಅದು ಅರ್ಧಂಬರ್ಧ ವಿಳಾಸ ಕೊಟ್ಟು ತಪ್ಪುತ್ತಿತ್ತು. ಫೈಲಿನ ಪೂರ್ತಿ ವಿಳಾಸವೇ ಬೇಕೆಂದು ಟೂಲನ್ನು ಬದಲಿಸಿದರು, ತಪ್ಪು ನಿಂತಿತು. ಆರ್‌ಟಿಸಿಗೂ ಅದೇ ದಾರಿ: ಜಿಲ್ಲೆ, ತಾಲೂಕು ಕಡ್ಡಾಯ ಖಾನೆಗಳಾಗಲಿ. ವಿವರಣೆಯ ಕೆಲಸ ಅದರ ನಂತರದ್ದು: ನಕ್ಷತ್ರದ ಗುರುತು ಯಾವಾಗ ಹಾಕಬೇಕು, ತಾಲೂಕು ಗೊತ್ತಿಲ್ಲದಿದ್ದರೆ ಊಹಿಸದೆ ಬಳಕೆದಾರರನ್ನು ಕೇಳಬೇಕು, ಉತ್ತರ ಖಾಲಿ ಬಂದರೆ ಅದು ಇಲ್ಲದ ಸರ್ವೆ ನಂಬರೋ ಕೆಟ್ಟ ಸರ್ವರೋ ಎಂದು ಹೇಗೆ ತಿಳಿಯುವುದು.

ಪ್ರೋಟೊಕಾಲಿನ 2025ರ ಮಾರ್ಚ್ ಆವೃತ್ತಿಯಲ್ಲಿ ‘ಓದುವುದಕ್ಕೆ ಮಾತ್ರ’, ‘ಹಾಳುಮಾಡಬಲ್ಲದು’ ಎಂಬಂಥ ಸೂಚನೆಗಳು ಬಂದವು. ಸೂಚನೆ ಕೊಡದ ಟೂಲನ್ನು ಹಾಳುಮಾಡಬಲ್ಲದೆಂದೇ ಎಣಿಸಬೇಕು ಎಂಬ ನಿಯಮ ನನಗೆ ಹಿಡಿಸಿತು. ಆದರೆ ನಂಬಿಕೆಯಿಲ್ಲದ ಸರ್ವರಿನಿಂದ ಬಂದ ಸೂಚನೆಯನ್ನು ನಂಬಬೇಡಿ ಎಂದು ಅದೇ ದಾಖಲೆ ಹೇಳುತ್ತದೆ. ಕಾರಣ ಬೇಗನೇ ಕಂಡಿತು: ಮರುತಿಂಗಳು ಇನ್‌ವೇರಿಯಂಟ್ ಲ್ಯಾಬ್ಸ್ ಸಂಶೋಧಕರು, ಮಾಹಿತಿ ಕದಿಯುವ ಆದೇಶವನ್ನು ಟೂಲಿನ ವಿವರಣೆಯೊಳಗೇ ಅಡಗಿಸಬಹುದೆಂದು ತೋರಿಸಿದರು. ಏಜೆಂಟು ಅದನ್ನು ಪೂರ್ತಿ ಓದುತ್ತದೆ, ಒಪ್ಪಿಗೆ ಕೊಡುವ ಮನುಷ್ಯನಿಗೆ ಕಾಣುವುದು ಅದರ ಚುಟುಕು ರೂಪ. ಇಂಥ ಟೂಲು ಪಂಚಾಯತು ಕಚೇರಿಗೆ ಬರುವುದಾದರೆ, ಒಪ್ಪಿಗೆ ಕೇಳುವ ಪರದೆಯಲ್ಲಿ ಏಜೆಂಟು ಓದಿದ ಪ್ರತಿ ಸಾಲೂ, ಕನ್ನಡದಲ್ಲಿ, ಕಾಣಬೇಕು.