ಕಿಶೋರರ ಅದ್ಭುತ ಕಾದಂಬರಿಗಳಲ್ಲಿ ಪೂರ್ವರಾಗ

ಹದಿಮೂರರಿಂದ ಹದಿನೆಂಟರ ವಯಸ್ಸಿನ ವಾಚಕರಿಗೆಂದೇ ರಚಿತವಾದ ಅದ್ಭುತ ಕಾದಂಬರಿಗಳೆಂಬ ಪ್ರಕಾರವೊಂದು ಇಂಗ್ಲಿಷ್ ವಾಙ್ಮಯದಲ್ಲಿ ಕಳೆದ ಕೆಲವು ದಶಕಗಳಿಂದ ಹುಲುಸಾಗಿ ಬೆಳೆದುಬಂದಿದೆ. ಮಾಟ, ಶಾಪ, ಭೂಪಟದಲ್ಲಿಲ್ಲದ ರಾಜ್ಯ, ಮನುಷ್ಯರಲ್ಲದ ಜೀವಿಗಳು, ಇವೇ ಅದರ ಸಾಮಗ್ರಿ. ಇವುಗಳ ನಡುವೆ ಒಬ್ಬ ತರುಣ, ಒಬ್ಬ ತರುಣಿ ಇರುತ್ತಾರೆ. ಅವರಲ್ಲಿ ಪ್ರೇಮವು ಮೊದಲ ನೋಟಕ್ಕೆ ಹುಟ್ಟುವುದಿಲ್ಲ. ಜಗಳ, ಸಂಶಯ, ಜೊತೆಯಾಗಿ ಪಟ್ಟ ಕಷ್ಟ ಇವುಗಳ ಮೂಲಕ ನೂರಾರು ಪುಟಗಳಲ್ಲಿ, ಒಮ್ಮೊಮ್ಮೆ ಹಲವು ಸಂಪುಟಗಳಲ್ಲಿ, ಮೆಲ್ಲಮೆಲ್ಲನೆ ಅಂಕುರಿಸುತ್ತದೆ. ಈ ನಿಧಾನವೇ ಅಂಥ ಕಾದಂಬರಿಗಳ ಮುಖ್ಯ ಆಕರ್ಷಣೆ. ಶಿಕ್ಷಕರಾದ ನಮಗೆ ಈ ಪುಸ್ತಕಗಳ ಪರಿಚಯವಾಗುವುದು ಹೆಚ್ಚಾಗಿ ಪಠ್ಯಪುಸ್ತಕದ ಮರೆಯಲ್ಲಿ. ಕಸಿದುಕೊಂಡು ಮೇಜಿನ ಖಾನೆಗೆ ಹಾಕುವುದು ಸುಲಭ. ತೆರೆದು ಓದಿ ಬೆಲೆ ಕಟ್ಟುವುದು ವಿಮರ್ಶೆಯ ಕೆಲಸ. ಆ ಕೆಲಸವನ್ನು ಇಲ್ಲಿ ಯಥಾಶಕ್ತಿ ಮಾಡಬೇಕೆಂದಿದ್ದೇವೆ.

ಗಡಿಭಾಗದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಉಂಟು. ಗೋಕುಳ ಶಿರಗಾಂವದ ಕಾರಖಾನೆಗಳ ಸುತ್ತ, ಇಚಲಕರಂಜಿಯ ಮಗ್ಗಗಳ ನಡುವೆ, ಗಡಹಿಂಗ್ಲಜದ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅಲ್ಲಿಯ ಮಗುವಿಗೆ ತಾಯಿಯೊಡನೆ ಕನ್ನಡ, ಓಣಿಯಲ್ಲಿಯೂ ಬಹುಮಟ್ಟಿಗೆ ಶಾಲೆಯಲ್ಲಿಯೂ ಮರಾಠಿ, ಮುಂದಿನ ವಿದ್ಯೆಗೆ ಇಂಗ್ಲಿಷು. ಇಂಥ ಮಗು ತನ್ನ ಮನಸ್ಸನ್ನು ಮೊದಲ ಸಲ ಸೆರೆಹಿಡಿದ ದೊಡ್ಡ ಕಥೆಯನ್ನು ಯಾವ ಭಾಷೆಯಲ್ಲಿ ಓದುತ್ತದೆಯೋ ಅದೇ ಬಹುಶಃ ಅದರ ಜೀವಮಾನದ ಓದಿನ ಭಾಷೆಯಾಗುತ್ತದೆ. ಆದುದರಿಂದ ಹದಿನಾಲ್ಕರ ವಯಸ್ಸಿನವರು ಏನನ್ನು ಓದುತ್ತಾರೆಂಬುದು ನಮ್ಮಲ್ಲಿ ಕೇವಲ ಶಿಸ್ತಿನ ಪ್ರಶ್ನೆಯಲ್ಲ.

ಇಂಥ ಕಥೆಗಳು ನಮಗೆ ಪರಕೀಯವೆಂಬ ಮಾತನ್ನು ಮೊದಲು ಪರಿಶೀಲಿಸೋಣ. ನಮ್ಮ ಅಲಂಕಾರಶಾಸ್ತ್ರವು ಸಮಾಗಮಕ್ಕೆ ಮುಂಚೆ ಮೂಡುವ ಅನುರಾಗಕ್ಕೆ ಪೂರ್ವರಾಗವೆಂದು ಹೆಸರಿಟ್ಟು ಅದನ್ನು ವಿಪ್ರಲಂಭ ಶೃಂಗಾರದಲ್ಲಿ ಸೇರಿಸಿತು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು 'ಸಾಹಿತ್ಯದರ್ಪಣ'ದಲ್ಲಿ ಈ ರಾಗ ಹುಟ್ಟುವ ಬಗೆಗಳನ್ನು ಎಣಿಸುವಾಗ, ದೂತರ ಬಾಯಿಂದ ಕೇಳುವುದು, ಪ್ರತ್ಯಕ್ಷ ಕಾಣುವುದು ಇವುಗಳೊಡನೆ ಚಿತ್ರ, ಕನಸು, ಇಂದ್ರಜಾಲಗಳನ್ನೂ ಹೇಳುತ್ತಾನೆ. ಅದ್ಭುತಕ್ಕೂ ಒಲವಿಗೂ ಇರುವ ನಂಟು ಹೀಗೆ ಶಾಸ್ತ್ರಸಮ್ಮತವೇ ಆಗಿದೆ. ಆತನೇ ಪೂರ್ವರಾಗವನ್ನು ಮೂರು ಬಣ್ಣಗಳಿಗೆ ಹೋಲಿಸುತ್ತಾನೆ. ಹೊರಗೆ ಅಷ್ಟಾಗಿ ಶೋಭಿಸದಿದ್ದರೂ ಮನಸ್ಸಿನಿಂದ ಹೋಗದ್ದು ನೀಲೀರಾಗ. ಶೋಭಿಸಿ, ಬಳಿಕ ಮಾಸಿಹೋಗುವುದು ಕುಸುಂಭರಾಗ. ಶೋಭಿಸಿಯೂ ಮಾಸದೆ ನಿಲ್ಲುವುದು ಮಂಜಿಷ್ಠಾರಾಗ. ನೀಲಿ, ಕುಸುಬೆ, ಮಂಜಿಷ್ಠಗಳು ಬಟ್ಟೆಗೆ ಹಾಕುತ್ತಿದ್ದ ಬಣ್ಣಗಳು. ನೂಲಿನ ಊರಾದ ಇಚಲಕರಂಜಿಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಹಿಡಿಯಲು ಹೊತ್ತು ಬೇಕು; ಹೊತ್ತು ಕೊಡದೆ ಅದ್ದಿ ತೆಗೆದದ್ದು ಮೊದಲ ಒಗೆತಕ್ಕೇ ಬಿಡುತ್ತದೆ.

ಈ ಪ್ರದೇಶದ ಹಳೆಯ ಕನ್ನಡದಲ್ಲಿಯೇ ಇದಕ್ಕೆ ತಕ್ಕ ನಿದರ್ಶನವೊಂದಿದೆ. ಅದು ಸುಮಾರು 1170ರ ನೇಮಿಚಂದ್ರನ 'ಲೀಲಾವತಿ ಪ್ರಬಂಧ'. ಈ ಕವಿಯ ಆಶ್ರಯದಾತರ ಪೈಕಿ ಲಕ್ಷ್ಮಣರಾಜನೆಂಬವನ ಹೆಸರು ಬರುತ್ತದೆ. ಅವನನ್ನು ಕೊಲ್ಲಾಪುರದ ಶಿಲಾಹಾರ ವಂಶದವನೆಂದು ಹೇಳುವ ಸಾಹಿತ್ಯಚರಿತ್ರಕಾರರಿದ್ದಾರೆ. ಪುರಾಣಪುರುಷರ ಚರಿತ್ರೆಯನ್ನು ಬಿಟ್ಟು, ಕಲ್ಪಿತ ಪ್ರೇಮಕಥೆಯನ್ನೇ ಚಂಪುವಿನ ವಸ್ತುವಾಗಿ ಎತ್ತಿಕೊಂಡದ್ದು ಆ ಕವಿಯ ಧೈರ್ಯ. ಬನವಾಸಿಯ ಕದಂಬ ರಾಜಕುಮಾರ ಕಂದರ್ಪದೇವನು ಕನಸಿನಲ್ಲಿ ಒಬ್ಬ ಕನ್ಯೆಯನ್ನು ಕಾಣುತ್ತಾನೆ. ಲೀಲಾವತಿಯೂ ತನ್ನ ಕನಸಿನಲ್ಲಿ ಅವನನ್ನೇ ಕಾಣುತ್ತಾಳೆ. ಒಬ್ಬರಿಗೊಬ್ಬರ ಊರು, ಕುಲ, ಹೆಸರು ತಿಳಿಯದು. ಗೆಳೆಯ ಮಕರಂದನೊಡನೆ ಅವನು ಹುಡುಕಿಕೊಂಡು ಹೊರಡುತ್ತಾನೆ. ಅನೇಕ ಅಡಚಣೆಗಳನ್ನು ದಾಟಿದ ಮೇಲೆ ವಿವಾಹವಾಗುತ್ತದೆ. ಕಥೆಯ ಬೀಜ ಸುಬಂಧುವಿನ ಸಂಸ್ಕೃತ 'ವಾಸವದತ್ತೆ'ಯದು. ಅಲ್ಲಿಯೂ ಕನಸಿನ ಕನ್ಯೆ, ಮಾಯೆಯ ಕುದುರೆ, ಶಾಪದಿಂದ ಶಿಲೆಯಾದ ನಾಯಿಕೆ, ನಾಯಕನ ಸ್ಪರ್ಶದಿಂದ ಅವಳಿಗೆ ಮರಳಿ ಬಂದ ಜೀವ, ಎಲ್ಲವೂ ಇವೆ.

ಆದರೆ ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ಕಂದರ್ಪದೇವನ ಪ್ರೇಮ ಕನಸು ಮುಗಿಯುವಷ್ಟರಲ್ಲಿ ಪೂರ್ಣವಾಗಿದೆ. ಆಮೇಲೆ ತಡವಾಗುವುದು ಸಮಾಗಮ ಮಾತ್ರ. ಕಾಡು, ದಾರಿ, ವರ್ಣನೆಗಳ ವಿಸ್ತಾರ ಇವೆಲ್ಲ ಇಬ್ಬರ ನಡುವಣ ದೂರವನ್ನು ಹೆಚ್ಚಿಸುತ್ತವೆಯೇ ಹೊರತು ಒಬ್ಬರ ಅರಿವನ್ನು ಇನ್ನೊಬ್ಬರಲ್ಲಿ ಬೆಳೆಸುವುದಿಲ್ಲ. ಲೀಲಾವತಿಯ ಚೆಲುವನ್ನು ನಾವು ಬಹಳವಾಗಿ ಬಲ್ಲೆವು. ಅವಳ ಸ್ವಭಾವವನ್ನು ಅಷ್ಟಾಗಿ ಅರಿಯೆವು. ವರ್ಣನೆಯ ಭಾರದಿಂದ ಕಥೆ ಬಳಲಿತೆಂದು ವಿಮರ್ಶಕರು ಆಕ್ಷೇಪಿಸಿದ್ದುಂಟು. ನಮಗೆ ತೋರುವ ಮಟ್ಟಿಗೆ ಆ ಬಳಲಿಕೆಗೆ ಇದೂ ಒಂದು ಕಾರಣ: ಪ್ರೇಮಕ್ಕೆ ಇನ್ನು ಬೆಳೆಯುವ ಎಡೆಯಿಲ್ಲವಾದುದರಿಂದ ವರ್ಣನೆಯೇ ಬೆಳೆಯಬೇಕಾಯಿತು.

'ಕಾದಂಬರಿ'ಯ ರೀತಿ ಬೇರೆ. ಏಳನೆಯ ಶತಮಾನದ ಬಾಣನ ಗದ್ಯಕೃತಿಯನ್ನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಕನ್ನಡ ಚಂಪುವಾಗಿಸಿದನು. ಆ ನಾಯಿಕೆಯ ಹೆಸರೇ ಇಂದು ಕನ್ನಡ, ಮರಾಠಿ ಎರಡರಲ್ಲಿಯೂ ಈ ಸಾಹಿತ್ಯ ಪ್ರಕಾರದ ಹೆಸರಾಗಿದೆ. ಗಡಿಯ ಆಚೆಗೂ ಈಚೆಗೂ ಒಂದೇ ಹೆಣ್ಣಿನ ಹೆಸರಿನಿಂದ ನಾವು ಕಥೆಯನ್ನು ಕರೆಯುತ್ತೇವೆ. ಅಲ್ಲಿ ಕಿನ್ನರಮಿಥುನವನ್ನು ಬೆನ್ನಟ್ಟಿದ ಚಂದ್ರಾಪೀಡನು ಅಚ್ಛೋದ ಸರೋವರದ ಬಳಿ ತಪಸ್ವಿನಿ ಮಹಾಶ್ವೇತೆಯನ್ನು ಕಂಡು, ಅವಳ ದುಃಖದ ಕಥೆಯನ್ನು ಕೇಳಿದ ಮೇಲೆಯೇ ಅವಳ ಗೆಳತಿ ಕಾದಂಬರಿಯನ್ನು ಕಾಣುವುದು. ಗೆಳತಿ ದುಃಖದಲ್ಲಿರುವ ತನಕ ಮದುವೆಯಾಗೆನೆಂಬುದು ಕಾದಂಬರಿಯ ಹಟ. ಅತಿಥಿಗೆ ತಾಂಬೂಲ ಕೊಡೆಂದು ಮಹಾಶ್ವೇತೆ ಹೇಳಿದಾಗ ಅವಳ ಕೈ ನಡುಗುತ್ತದೆ. ಒಂದು ವೀಳ್ಯ ಕೈಯಿಂದ ಕೈಗೆ ದಾಟುವುದಕ್ಕೆ ಕವಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ! ಆದರೆ ಅಷ್ಟು ಹೊತ್ತಿನಲ್ಲಿ ನಮಗೆ ಒಬ್ಬಳ ಸ್ನೇಹನಿಷ್ಠೆ, ಲಜ್ಜೆ, ಒಳಜಗಳ ಎಲ್ಲವೂ ತಿಳಿಯುತ್ತವೆ. ಇಲ್ಲಿ ತಡವು ದಾರಿಯದಲ್ಲ, ಮನಸ್ಸಿನದು. ಅದಕ್ಕಾಗಿಯೇ, ಮುಂದೆ ಚಂದ್ರಾಪೀಡನ ಪ್ರಾಣ ಹೋದರೂ ಅಳಿಯದ ಅವನ ದೇಹವನ್ನು ಕಾಯುತ್ತ ಅವಳು ಕೂತಾಗ ನಾವು ಆ ಅದ್ಭುತವನ್ನು ನಂಬುತ್ತೇವೆ.

ಇನ್ನು ಹೊಸ ಪುಸ್ತಕಗಳಿಗೆ ಬರೋಣ. ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' 1986ರಲ್ಲಿ ಪ್ರಕಟವಾಯಿತು. ಟೊಪ್ಪಿಗೆಯ ಅಂಗಡಿಯಲ್ಲಿ ತಲೆತಗ್ಗಿಸಿ ಹೊಲಿಯುತ್ತ ಕೂತ ಸೋಫಿಯೆಂಬ ತರುಣಿಯನ್ನು ಮಾಟಗಾತಿಯೊಬ್ಬಳು ಮುದುಕಿಯಾಗಿಸುತ್ತಾಳೆ. ಅವಳು ನಡೆದಾಡುವ ಕೋಟೆಯೊಂದನ್ನು ಸೇರಿ, ಅದರ ಒಡೆಯನಾದ ಹೌಲ್ ಎಂಬ ಮಾಂತ್ರಿಕನ ಮನೆಯ ಕಸಗುಡಿಸುವವಳಾಗುತ್ತಾಳೆ. ಅವನು ಅಲಂಕಾರಪ್ರಿಯ, ಕಷ್ಟ ಬಂದರೆ ಜಾರಿಕೊಳ್ಳುವವ. ತರುಣಿಯಾಗಿದ್ದಾಗ ಬಾಯಿಬಿಡದ ಸೋಫಿ ಮುದುಕಿಯಾದ ಮೇಲೆ ಅವನನ್ನು ಎದುರುಬದುರು ಬಯ್ಯುತ್ತಾಳೆ. ಆ ಬಯ್ಗುಳದಲ್ಲಿ ಒಬ್ಬರ ಗುಣದೋಷ ಇನ್ನೊಬ್ಬರಿಗೆ ತಿಳಿಯುತ್ತದೆ. ನೇಮಿಚಂದ್ರನ ಕನಸು ಚೆಲುವನ್ನು ಎಲ್ಲಕ್ಕಿಂತ ಮೊದಲು ತೋರಿಸಿತು. ಇಲ್ಲಿಯ ಶಾಪ ಚೆಲುವನ್ನು ಎಲ್ಲಕ್ಕಿಂತ ಮೊದಲು ಮರೆಮಾಡಿತು. ಅದ್ಭುತವು ಇಲ್ಲಿ ಬರಿಯ ಅಲಂಕಾರವಲ್ಲ. ಸ್ವಭಾವವನ್ನು ರೂಪದಿಂದ ಬೇರ್ಪಡಿಸಿ ತೂಗುವ ಉಪಾಯ.

ಜೆ.ಕೆ. ರೌಲಿಂಗ್ ಅವರ 'ಹ್ಯಾರಿ ಪಾಟರ್' ಕಥಾಮಾಲೆಯ ಏಳು ಸಂಪುಟಗಳು 1997ರಿಂದ 2007ರ ತನಕ ಬಂದವು. ಅದರಲ್ಲಿ ರಾನ್, ಹರ್ಮಾಯಿನಿ ಎಂಬಿಬ್ಬರ ಒಲವು ಪ್ರಧಾನ ಕಥೆಯಲ್ಲ. ಆದರೂ ನಿಧಾನಕ್ಕೆ ಅದೊಂದು ಒಳ್ಳೆಯ ಮಾದರಿ. 2000ದಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಮಾಂತ್ರಿಕರ ಮನೆಗಳಲ್ಲಿ ಕೂಲಿಯಿಲ್ಲದೆ ದುಡಿಯುವ ಕುಬ್ಜ ಸೇವಕರ ಪರವಾಗಿ ಹರ್ಮಾಯಿನಿ ಚಳವಳಿ ಹೂಡುತ್ತಾಳೆ. ರಾನ್ ನಗುತ್ತಾನೆ. ಕೊನೆಯ ಸಂಪುಟದ ಯುದ್ಧದ ನಡುವೆ ಆ ಸೇವಕರು ಸಾಯಬಾರದು, ಅವರನ್ನು ಹೊರಗೆ ಕಳುಹಿಸಬೇಕೆಂದು ಮೊದಲು ನೆನೆಯುವವನು ಅದೇ ರಾನ್. ಅವಳು ತನ್ನ ಪ್ರೇಮವನ್ನು ಪ್ರಕಟಿಸುವುದು ಆ ಕ್ಷಣದಲ್ಲಿಯೇ. ಮೂರು ಸಂಪುಟಗಳ ಹಿಂದೆ ಅವನು ನಕ್ಕಿರದಿದ್ದರೆ ಈ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಅವನು ಅವಳನ್ನು ಗೆದ್ದದ್ದು ಪರಾಕ್ರಮದಿಂದಲ್ಲ. ಅವಳ ನ್ಯಾಯಬುದ್ಧಿ ಅವನದೂ ಆದುದರಿಂದ. ಇದನ್ನು ಮಂಜಿಷ್ಠಾರಾಗವೆಂದರೆ ವಿಶ್ವನಾಥನೂ ಬೇಡವೆನ್ನಲಾರನು.

ಹೀಗೆಂದು ಎಲ್ಲ ನಿಧಾನವೂ ಗುಣವೆಂದು ಹೇಳಲಾಗದು. ಸಂಪುಟಗಳ ಸಂಖ್ಯೆ ಹೆಚ್ಚಿಸುವುದಕ್ಕಾಗಿ ಎಳೆದ ನಿಧಾನವುಂಟು. ಒಂದು ಮಾತಾಡಿದ್ದರೆ ತೀರಿಹೋಗುತ್ತಿದ್ದ ತಪ್ಪುತಿಳಿವಳಿಕೆಯನ್ನು ಮುನ್ನೂರು ಪುಟ ಹೊತ್ತು ತಿರುಗುವ ಕಾದಂಬರಿಗಳುಂಟು. ಇದಕ್ಕಿಂತ ಗಂಭೀರವಾದ ದೋಷ ಇನ್ನೊಂದಿದೆ. ಸ್ಟೆಫನಿ ಮೇಯರ್ ಅವರ 2005ರ 'ಟ್ವೈಲೈಟ್' ಕಾದಂಬರಿಯಲ್ಲಿ, ರಕ್ತಪಿಪಾಸುಗಳ ಕುಲಕ್ಕೆ ಸೇರಿದ ನಾಯಕನು ರಾತ್ರಿಯ ಹೊತ್ತು ನಾಯಿಕೆಗೆ ತಿಳಿಯದಂತೆ ಅವಳ ಕೋಣೆಗೆ ಬಂದು, ಅವಳು ನಿದ್ರಿಸುವುದನ್ನು ನೋಡುತ್ತಿದ್ದನೆಂಬ ಸಂಗತಿ ಬರುತ್ತದೆ. ಕಥೆ ಅದನ್ನು ಅಪರಾಧವೆಂದಲ್ಲ, ಪ್ರೇಮದ ಆಳವೆಂದು ಕಾಣಿಸುತ್ತದೆ. ಕ್ರೌರ್ಯವನ್ನೇ ಒಲವಿನ ಮುನ್ನುಡಿಯಾಗಿಸುವ ಕಥೆಗಳೂ ಈ ಪ್ರಕಾರದಲ್ಲಿ ಕಡಿಮೆಯಿಲ್ಲ. ಬಣ್ಣ ನಿಲ್ಲುತ್ತದೆಯೋ ಇಲ್ಲವೋ ಎಂದು ಪ್ರಾಚೀನರು ಕೇಳಿದರು. ಎದುರಿನವರ ಸಮ್ಮತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾವು ಅದಕ್ಕೆ ಸೇರಿಸಬೇಕು. ಈ ದೋಷವನ್ನು ಪುಸ್ತಕ ಕಸಿದುಕೊಂಡ ಶಿಕ್ಷಕನು ತೋರಿಸಿಕೊಡಲಾರನು. ಓದಿದ ಶಿಕ್ಷಕನು ಮಾತ್ರ ತೋರಿಸಿಕೊಡಬಲ್ಲನು.

ಆದುದರಿಂದ ಇಂಥ ಕೃತಿಯೊಂದು ಕೈಗೆ ಬಂದಾಗ ಮೂರು ವಿಷಯಗಳನ್ನು ನೋಡಬೇಕೆಂದು ನಮ್ಮ ಸೂಚನೆ. ತಡವಾದುದರಿಂದ ಪಾತ್ರಗಳಿಗೆ ಒಬ್ಬರನ್ನೊಬ್ಬರು ಕುರಿತು ಹೊಸದೇನಾದರೂ ತಿಳಿಯಿತೇ? ಅದ್ಭುತದ ಅಂಶವನ್ನು ತೆಗೆದುಹಾಕಿದರೆ ಅವರ ಪ್ರೇಮಕಥೆ ಕೆಡುತ್ತದೆಯೇ, ಅಥವಾ ಅದು ಗೋಡೆಗೆ ತೂಗುಹಾಕಿದ ಚಿತ್ರದಂತೆ ಸುಮ್ಮನೆ ಇದೆಯೇ? ಇಬ್ಬರಲ್ಲಿ ಒಬ್ಬರು ಬೇಡವೆಂದಾಗ ಇನ್ನೊಬ್ಬರು ಆ ಮಾತಿಗೆ ಬೆಲೆ ಕೊಡುತ್ತಾರೆಯೇ? ಮೂರನೆಯ ಪ್ರಶ್ನೆಯನ್ನು ತರಗತಿಯಲ್ಲಿ ಬಿಡಿಸಿ ಚರ್ಚಿಸಿದರೆ ಅದರ ಪ್ರಯೋಜನ ಸಾಹಿತ್ಯಕ್ಕಷ್ಟೇ ಸೀಮಿತವಾಗಲಾರದು. ಪ್ರೇಮದ ಮಾತು ಶಾಲೆಯಲ್ಲಿ ಬೇಡವೆನ್ನುವ ಹಿರಿಯರ ಸಂಕೋಚ ನಮಗೆ ಅರ್ಥವಾಗುತ್ತದೆ. ಆದರೆ ಚಲಚ್ಚಿತ್ರಗಳು ಮೂರು ನಿಮಿಷದ ಹಾಡಿನಲ್ಲಿ ಮುಗಿಸುವ ಪ್ರೇಮಕ್ಕಿಂತ, ಕಾಯುವುದನ್ನೂ ಕೇಳಿಸಿಕೊಳ್ಳುವುದನ್ನೂ ಕಲಿಸುವ ಪ್ರೇಮಕಥೆ ಆ ವಯಸ್ಸಿಗೆ ಹೆಚ್ಚು ಹಿತಕರವಲ್ಲವೇ?

ಕಡೆಯದಾಗಿ ನಮ್ಮ ಕನ್ನಡದ ಸ್ಥಿತಿ. 1949ರಲ್ಲಿ ಆರಂಭವಾದ ಕನ್ನಡ 'ಚಂದಮಾಮ'ವೂ 1952ರಲ್ಲಿ ಬಂದ ಅದರ ಮರಾಠಿ ರೂಪ 'ಚಾಂದೋಬಾ'ವೂ ಅದ್ಭುತಕಥೆಯ ರುಚಿಯನ್ನು ಅನೇಕ ತಲೆಮಾರುಗಳಿಗೆ ಹತ್ತಿಸಿದವು. ಆ ಪತ್ರಿಕೆ ಈಗ ನಿಂತುಹೋಗಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಹಾರುವ ಓತಿಯ ಬೆನ್ನು ಹತ್ತಿಸಿ ಕಿಶೋರರನ್ನು ಇಂದಿಗೂ ಹಿಡಿದಿಡುತ್ತದೆ. ಆದರೆ ಅದರ ಗುರಿ ಬೇರೆ. ಮಕ್ಕಳ ಕಥೆ ಮುಗಿದು ದೊಡ್ಡವರ ಕಾದಂಬರಿ ತೊಡಗುವ ನಡುವಣ ನಾಲ್ಕೈದು ವರ್ಷಗಳಿಗೆ, ಅದ್ಭುತವೂ ಒಲವೂ ಕೂಡಿದ ಕೃತಿಗಳು ನಮ್ಮಲ್ಲಿ ವಿರಳ. ಆ ಬಯಲನ್ನು ದಾಟುವಾಗಲೇ ಗಡಿಭಾಗದ ಮಗು ಕನ್ನಡದ ಕೈ ಬಿಡುತ್ತದೆ.

ಇದಕ್ಕೆ ಪರಿಹಾರವನ್ನು ನಮ್ಮ ವೃತ್ತಿಬಾಂಧವರೊಬ್ಬರೇ ಹಿಂದೆ ತೋರಿಸಿದ್ದಾರೆ. ಶಾಲಾ ಶಿಕ್ಷಕರಾಗಿದ್ದ ಗಳಗನಾಥರು (1869-1942) ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು, ಪುಸ್ತಕಗಳನ್ನು ತಾವೇ ಹೊತ್ತು ತಿರುಗಿ ಓದುವವರನ್ನು ಸಿದ್ಧಪಡಿಸಿದರು. ಮೂರು ಭಾಷೆಗಳನ್ನು ಬಲ್ಲ ಗಡಿಭಾಗದ ಶಿಕ್ಷಕರಿಗಿಂತ ಈ ಕೆಲಸಕ್ಕೆ ಯೋಗ್ಯರು ಯಾರು? ಒಳ್ಳೆಯ ಕಿಶೋರ ಕಾದಂಬರಿಯೊಂದನ್ನು ಒಬ್ಬೊಬ್ಬರು ಕನ್ನಡಿಸಲಿ. ಅಷ್ಟಾಗದಿದ್ದರೆ ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಶನಿವಾರದ ತರಗತಿಯಲ್ಲಿ ಕನ್ನಡದಲ್ಲಿ ಹೇಳೆಂದು ಮಕ್ಕಳನ್ನು ಕೇಳಲಿ. ಅದಕ್ಕೆ ಪ್ರತಿಯಾಗಿ ಲೀಲಾವತಿಯ ಕನಸಿನ ಕಥೆಯನ್ನು ತಿಳಿಗನ್ನಡದಲ್ಲಿ ತಾವು ಹೇಳಲಿ. ಒಂದೇ ರಾತ್ರಿಯಲ್ಲಿ ಹುಟ್ಟಿದ ಆ ಪ್ರೇಮವು ಸರಿಯೇ ಎಂದು ಇಂದಿನ ಹುಡುಗಿಯೊಬ್ಬಳು ಎದ್ದು ನಿಂತು ಕನ್ನಡದಲ್ಲಿ ವಾದಿಸಿದರೆ, ನೇಮಿಚಂದ್ರನಿಗೂ ಒಬ್ಬ ಹೊಸ ವಾಚಕಿ ದೊರೆತಂತಾಯಿತು, ಕನ್ನಡಕ್ಕೂ ದೊರೆತಂತಾಯಿತು. ಸಹೃದಯ ಶಿಕ್ಷಕ ಬಂಧುಗಳು ಈ ದಿಕ್ಕಿನಲ್ಲಿ ಆಲೋಚಿಸಬೇಕೆಂದು ನಮ್ಮ ಅರಿಕೆ.